ಡಿಕ್ಕಿ ಇಲ್ಲದೆ ಎದ್ದ ಘಟ್ಟ

ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ನಮ್ಮ ಕಾಸರಗೋಡಿಗೆ ಇಳಿದು, ಚಂದ್ರಗಿರಿ ಹೊಳೆಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ಕೊಡಗಿನ ಕಾವೇರಿಗೆ ಹತ್ತಿರದ ಈ ಸಮುದ್ರ ಬೇಡ, ಬಂಗಾಳ ಕೊಲ್ಲಿಯೇ ಆಗಬೇಕು. ಪಶ್ಚಿಮದ ಅಂಚು, ಅಂದರೆ ಪಶ್ಚಿಮ ಘಟ್ಟ, ಎದ್ದು, ನೆಲವೆಲ್ಲ ಪೂರ್ವಕ್ಕೆ ವಾಲಿದ್ದರಿಂದ ಹೀಗೆ. ಅಂಚು ಎದ್ದದ್ದು ಯಾಕೆ? ಭೂಖಂಡಗಳು ಡಿಕ್ಕಿ ಹೊಡೆದರೆ ಪರ್ವತ ಏಳುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಹಿಮಾಲಯಕ್ಕೆ ಅದು ಸರಿ. ಘಟ್ಟದ ಅಂಚಿಗೆ ಯಾರೂ ಬಂದು ಗುದ್ದಿಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಇಲ್ಲಿಂದ ಬಿಟ್ಟುಹೋಯಿತು, ಅಷ್ಟೆ.

ಈ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದ್ದು ಒಂದು ಲೆಕ್ಕ ತಾಳೆಯಾಗದೆ ಹೋದಾಗ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಶುರು ಮಾಡಿದ ಭೂಮಾಪನ, ಜಾರ್ಜ್ ಎವರೆಸ್ಟ್ ಕಾಲಕ್ಕೆ ಹಿಮಾಲಯದ ಬುಡ ಮುಟ್ಟಿತ್ತು. ಕಲ್ಯಾಣಪುರ ಮತ್ತು ಕಲಿಯಾನಾ ಎಂಬ ಎರಡು ಠಾಣೆಗಳ ನಡುವಿನ ಅಂತರ ನೆಲದ ಅಳತೆಯಲ್ಲಿ ಒಂದು, ನಕ್ಷತ್ರ ನೋಡಿ ಹಾಕಿದ ಲೆಕ್ಕದಲ್ಲಿ ಇನ್ನೊಂದು. ವ್ಯತ್ಯಾಸ, ಕೋನದ ಲೆಕ್ಕದಲ್ಲಿ 5.236 ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಭಾಗವೇ ಸೆಕೆಂಡ್). ನಕ್ಷತ್ರದ ಲೆಕ್ಕಕ್ಕೆ ನೇರ ಕೆಳದಿಕ್ಕು ತೋರಿಸುವ ತೂಗುಗುಂಡನ್ನು ಹಿಮಾಲಯ ತನ್ನ ಕಡೆ ಎಳೆದಿರಬೇಕು ಎಂದು ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಕೂತು ಗುಣಿಸಿದರು. 1855ರಲ್ಲಿ ಅವರಿಗೆ ಸಿಕ್ಕ ಉತ್ತರ 15.885. ಮೂರು ಪಟ್ಟು! ಅಷ್ಟು ದೊಡ್ಡ ಬೆಟ್ಟ ಎಳೆಯಬೇಕಾದಷ್ಟು ಎಳೆಯುತ್ತಲೇ ಇರಲಿಲ್ಲ. ಬೆಟ್ಟದಡಿ ಹಗುರ ಕಲ್ಲಿನ ಬೇರು ಆಳಕ್ಕೆ ಇಳಿದಿದೆ, ಅದಕ್ಕೇ ಸೆಳೆತ ಕಮ್ಮಿ ಎಂದು ಅದೇ ವರ್ಷ ಇಂಗ್ಲೆಂಡಿನ ಖಗೋಳವಿಜ್ಞಾನಿ ಜಾರ್ಜ್ ಏರಿ ವಿವರಿಸಿದರು.

ಆ ವಿವರಣೆಯಲ್ಲಿ ಭೂಮಿಯ ಹೊರಚಿಪ್ಪಿಗೆ ಸ್ವಂತ ಬಲವೇ ಇರಲಿಲ್ಲ ಅನ್ನಬಹುದು. ನೀರಲ್ಲಿ ಮರದ ತುಂಡಿನ ಹಾಗೆ ಪ್ರತಿ ಬೆಟ್ಟವೂ ತನ್ನ ಪಾಡಿಗೆ ತೇಲಬೇಕು. ಹಾಗಾದರೆ ನೈಲ್, ನೈಜರ್ ನದಿಗಳು ಕಡಲಂಚಿನಲ್ಲಿ ರಾಶಿ ಹಾಕಿದ ಮಣ್ಣನ್ನು ಹೊತ್ತಿರುವುದು ಯಾರು? 1914ರಲ್ಲಿ ಅಮೆರಿಕದ ಜೋಸೆಫ್ ಬ್ಯಾರೆಲ್ ಹೇಳಿದ್ದು ಇದನ್ನೇ: ಚಿಪ್ಪು ಗಟ್ಟಿ, ಅದರಡಿಯ ಪದರ ಮೆತ್ತಗೆ. ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ ಮುಂದೆ ಚಿಪ್ಪಿನ ಬಾಗುವಿಕೆಯನ್ನೇ ಲೆಕ್ಕಕ್ಕೆ ತಂದರು.

ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟಿದವರಿಗೆ ಇದು ಹೊಸದಲ್ಲ. ಬಲಿತ ಮರ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಾಗುತ್ತದೆ. ಕೊಳೆತು ಕುಂಬಾಗಿದ್ದರೆ ಕಾಲಿಟ್ಟಲ್ಲೇ ಕುಸಿಯುತ್ತದೆ.

1998ರಲ್ಲಿ ಗನ್ನೆಲ್ ಮತ್ತು ಫ್ಲೈಟೂ ಎಂಬ ವಿಜ್ಞಾನಿಗಳು ಇದನ್ನು ನಮ್ಮ ಘಟ್ಟಕ್ಕೆ ಅನ್ವಯಿಸಿದರು. ಕರಾವಳಿ ಕಡೆ ಮಳೆ ನೆಲವನ್ನು ಕೊರೆದು ಮಣ್ಣನ್ನು ಕಡಲಿಗೆ ಸಾಗಿಸುತ್ತದೆ. ಭಾರ ಇಳಿದ ನೆಲ ಮೇಲೇಳುತ್ತದೆ, ಭಾರ ಬಿದ್ದ ಕಡಲ ತಳ ಕುಸಿಯುತ್ತದೆ. ಚಿಪ್ಪು ಗಟ್ಟಿಯಿರುವುದರಿಂದ ಕೊರೆದ ಜಾಗ ಮಾತ್ರ ಏಳುವುದಿಲ್ಲ, ಪಕ್ಕದಲ್ಲಿ ಸವೆಯದೆ ಉಳಿದ ಅಂಚನ್ನೂ ಎತ್ತುತ್ತದೆ. ನನಗಂತೂ ಈ ವಾದವೇ ಜಾಸ್ತಿ ಒಪ್ಪಿಗೆ.

ಹಿಮಾಲಯದಲ್ಲಿ ಕಥೆ ಬೇರೆ. ಭಾರತದ ಹಳೆಯ, ಗಟ್ಟಿ ಚಿಪ್ಪು ಬೆಟ್ಟದ ಭಾರಕ್ಕೆ ಬಾಗಿ ಒಳಗೆ ತೂರಿದೆ. ಬಾಗಿದ ತಗ್ಗಿನಲ್ಲಿ ಮಣ್ಣು ತುಂಬಿ ಗಂಗಾ ಬಯಲಾಯಿತು. ಆಚೆಗಿನ ಟಿಬೆಟ್ ಒಳಗೆ ಬಿಸಿ, ಮೆತ್ತಗೆ. ಹಾಗಾಗಿ ಸುಮಾರು 5000 ಮೀಟರ್ ಎತ್ತರದಲ್ಲಿ ಚಪ್ಪಟೆಯಾಗಿ ಹರಡಿಕೊಂಡಿದೆ.

ಈ ಚಿಪ್ಪಿನಲ್ಲಿ ಎರಡು ಭಾಗ: ಮೇಲೆ ತೊಗಟೆ, ಅದರಡಿ ಮ್ಯಾಂಟಲ್ ಎಂಬ ಕಲ್ಲಿನ ಪದರದ ಮೇಲ್ಭಾಗ. ಇಷ್ಟಾದರೂ ಚಿಪ್ಪಿನ ಬಲ ಇರುವುದು ತೊಗಟೆಯಲ್ಲೋ, ಮ್ಯಾಂಟಲ್‌ನಲ್ಲೋ? ಈ ಜಗಳ 2000ದ ಹೊತ್ತಿಗೆ ಜೋರಾಯಿತು. ಭೂಕಂಪಗಳು ಎಷ್ಟು ಆಳದಲ್ಲಿ ಆಗುತ್ತವೆ ನೋಡಿ, ತೊಗಟೆಯೇ ಗಟ್ಟಿ ಎನ್ನುವವರು ಒಂದು ಕಡೆ. ಮ್ಯಾಂಟಲ್ಲೂ ಗಟ್ಟಿ, ಇಲ್ಲದಿದ್ದರೆ ಅಷ್ಟು ಎತ್ತರದ ಬೆಟ್ಟ ಬಹಳ ಕಾಲ ನಿಲ್ಲುತ್ತಿರಲಿಲ್ಲ ಎನ್ನುವವರು ಇನ್ನೊಂದು ಕಡೆ.