ಕೀಮೋ ಜೊತೆಗೆ ಪ್ರಾಣಾಯಾಮ ಮಾಡಿದರೆ ಆಯಸ್ಸು ಹೆಚ್ಚುತ್ತಾ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ ಕೀಮೋ ಶುರುವಾಗಿದೆ. ನೋಡೋಕೆ ಬಂದವರೆಲ್ಲ ಯೋಗ, ಧ್ಯಾನ ಮಾಡಿಸಿ, ಅದರಿಂದಲೇ ಗುಣವಾದವರಿದ್ದಾರೆ ಅಂತಾರೆ. ಚಿಕಿತ್ಸೆ ಜೊತೆಗೆ ಇವನ್ನೂ ಮಾಡಿದರೆ ಬದುಕುವ ಅವಕಾಶ ಜಾಸ್ತಿಯಾಗುತ್ತಾ?

ಉತ್ತರ: ಖಂಡಿತ ಮಾಡಿಸಿ. ಕೀಮೋದ ದಿನಗಳನ್ನು ಕಳೆಯುವುದಕ್ಕೆ ಅದು ಆಸರೆಯಾಗುತ್ತದೆ. ಆದರೆ ಗೆಡ್ಡೆ ಕರಗಿಸುವ ಕೆಲಸವನ್ನು ಅದಕ್ಕೆ ಒಪ್ಪಿಸಬೇಡಿ.

ಆಯಸ್ಸಿನ ಮಾತನ್ನೇ ಮೊದಲು ನೋಡೋಣ. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಡೇವಿಡ್ ಸ್ಪೀಗಲ್ ಒಂದು ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೂ ಹರಡಿದ್ದ 86 ಹೆಂಗಸರು ಅದರಲ್ಲಿದ್ದರು. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಸಿಗುತ್ತಿತ್ತು. ಕೆಲವರು ಅದರ ಜೊತೆಗೆ ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತಾಡುತ್ತಿದ್ದರು. ನೋವು ತಡೆದುಕೊಳ್ಳಲು ತಮ್ಮನ್ನು ತಾವೇ ಸಮ್ಮೋಹನಕ್ಕೆ ಒಳಪಡಿಸಿಕೊಳ್ಳುವುದನ್ನೂ ಕಲಿತರು. ಇವರು ಸರಾಸರಿ 36.6 ತಿಂಗಳು ಬದುಕಿದರೆ, ಉಳಿದವರು ಬದುಕಿದ್ದು 18.9 ತಿಂಗಳು. ಜಗತ್ತೆಲ್ಲ ಬೆರಗಾಯಿತು. ‘ಮನಸ್ಸಿನಿಂದ ಕ್ಯಾನ್ಸರ್ ಗೆಲ್ಲಬಹುದು’ ಅನ್ನುವವರು ಇವತ್ತಿಗೂ ಈ ಅಂಕಿಗಳನ್ನೇ ಹಿಡಿದು ಮಾತಾಡುತ್ತಾರೆ.

ಮುಂದೆ ಏನಾಯ್ತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕೆನಡಾದ ಸಂಶೋಧಕರು 235 ಹೆಂಗಸರ ಮೇಲೆ ಇದೇ ರೀತಿಯ ಪರೀಕ್ಷೆ ನಡೆಸಿ 2001ರಲ್ಲಿ ಪ್ರಕಟಿಸಿದರು. ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಪೀಗಲ್ ಅವರೇ ಮತ್ತೊಮ್ಮೆ ಮಾಡಿ ನೋಡಿ 2007ರಲ್ಲಿ ಪ್ರಕಟಿಸಿದರು. ಒಟ್ಟಾರೆ ಅಲ್ಲೂ ಆಯಸ್ಸು ಹೆಚ್ಚಲಿಲ್ಲ. ಸಣ್ಣ ಗುಂಪಿನಲ್ಲಿ ಕಂಡದ್ದು ದೊಡ್ಡ ಗುಂಪಿನಲ್ಲಿ ನಿಲ್ಲದೇ ಇರುವುದು ವೈದ್ಯಶಾಸ್ತ್ರದಲ್ಲಿ ಹೊಸದೇನಲ್ಲ. ಆದರೆ ಕೆನಡಾದ ಹೆಂಗಸರಿಗೆ, ಅದರಲ್ಲೂ ಮೊದಲೇ ತುಂಬಾ ಸಂಕಟದಲ್ಲಿದ್ದವರಿಗೆ, ಮನಸ್ಸು ಹಗುರಾಯಿತು, ನೋವಿನ ಬಾಧೆ ತಗ್ಗಿತು. ನಿಮ್ಮ ಅಮ್ಮನಿಗೆ ಬೇಕಾಗಿರುವುದೂ ಅದೇ ಅಲ್ವಾ?

ವಾಕರಿಕೆಯನ್ನೇ ತೆಗೆದುಕೊಳ್ಳಿ. ಎರಡು ಮೂರು ಕೀಮೋ ಆದಮೇಲೆ ಕೆಲವರಿಗೆ ಔಷಧಿ ಏರಿಸುವ ಮೊದಲೇ ಹೊಟ್ಟೆ ತೊಳೆಸುತ್ತದೆ. ಆಸ್ಪತ್ರೆಯ ಗೇಟು ಕಂಡರೆ ಸಾಕು, ಸ್ಪಿರಿಟ್ ವಾಸನೆ ಮೂಗಿಗೆ ಬಡಿದರೆ ಸಾಕು, ವಾಂತಿ. ಹಿಂದಿನ ಸಲದ ಸಂಕಟವನ್ನು ಮೈ ನೆನಪಿಟ್ಟುಕೊಂಡು ಮುಂಚೆಯೇ ಶುರುಮಾಡಿಬಿಡುತ್ತದೆ. ಇದು ಕಲಿತ ಅಭ್ಯಾಸವಾದ್ದರಿಂದ ಮಾತ್ರೆಗೆ ಸುಲಭವಾಗಿ ಬಗ್ಗುವುದಿಲ್ಲ. ಬೆಂಗಳೂರಿನ ಸಂಶೋಧಕರು ಕೀಮೋ ಪಡೆಯುತ್ತಿದ್ದ 62 ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ಯೋಗ ಕಲಿಸಿ, ಉಳಿದವರಿಗೆ ಧೈರ್ಯ ಹೇಳುವ ಆಪ್ತಸಲಹೆ ಕೊಟ್ಟು ಹೋಲಿಸಿದರು. ಯೋಗ ಮಾಡಿದವರಲ್ಲಿ ಈ ಮುಂಗಡ ವಾಕರಿಕೆಯೂ, ಕೀಮೋ ನಂತರದ ವಾಕರಿಕೆಯೂ ಕಡಿಮೆಯಾಗಿತ್ತು. ಇದು 2007ರಲ್ಲಿ ಪ್ರಕಟವಾಯಿತು. ಮುಂದೆ ಜಿಗಣಿಯ ಎಸ್-ವ್ಯಾಸ ಸಂಸ್ಥೆಯೂ ಟೆಕ್ಸಸ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರವೂ ಕೈಜೋಡಿಸಿದವು. ರೇಡಿಯೇಷನ್ ಪಡೆಯುವ ಸ್ತನ ಕ್ಯಾನ್ಸರ್ ರೋಗಿಗಳಿಗೆ ಆರು ವಾರ ಯೋಗ ಹೇಳಿಕೊಟ್ಟು ನೋಡಿದರು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಇವರು ದಿನದ ಕೆಲಸಗಳಲ್ಲಿ ಹೆಚ್ಚು ಚುರುಕಾಗಿದ್ದರು. ಕ್ಯಾನ್ಸರ್ ರೋಗಿಗಳ ಆತಂಕ, ಖಿನ್ನತೆಗೆ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಧ್ಯಾನ, ಯೋಗ ಎರಡೂ ಇವೆ.

ಹಾಗಾದರೆ ‘ಯೋಗದಿಂದಲೇ ಗುಣವಾದವರು’ ಯಾರು? ಒಮ್ಮೆ ಬಿಡಿಸಿ ಕೇಳಿ ನೋಡಿ. ಹೆಚ್ಚಿನವರಿಗೆ ಆಪರೇಷನ್ನೂ ಆಗಿರುತ್ತದೆ, ಕೀಮೋನೂ ಆಗಿರುತ್ತದೆ. ಕೀಮೋ ಕೊಟ್ಟದ್ದು ಆಸ್ಪತ್ರೆ, ಪ್ರಾಣಾಯಾಮ ಮಾಡಿದ್ದು ತಾವು. ತಾವು ಮಾಡಿದ್ದೇ ಮನಸ್ಸಿನಲ್ಲಿ ದೊಡ್ಡದಾಗಿ ಉಳಿಯುವುದು ಸಹಜ. ಅದೇ ಪ್ರಾಣಾಯಾಮ ಮಾಡಿಯೂ ಉಳಿಯದವರು ಬಂದು ಕಥೆ ಹೇಳಲಾರರು.

ನಿಜವಾದ ಅಪಾಯ ಬೇರೆ ಕಡೆ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಎರಡು ವರದಿ ಪ್ರಕಟಿಸಿದರು. ಮಾಮೂಲಿ ಚಿಕಿತ್ಸೆ ಬಿಟ್ಟು ಪರ್ಯಾಯವನ್ನೇ ನಂಬಿದವರಲ್ಲಿ ಸಾವಿನ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು, ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಹೆಚ್ಚು. ಎರಡನೇ ವರದಿ ಇನ್ನೂ ಗಮನಿಸಬೇಕಾದ್ದು. ಚಿಕಿತ್ಸೆ ಜೊತೆಗೇ ಪೂರಕ ಪದ್ಧತಿ ಅನುಸರಿಸಿದವರಲ್ಲೂ ಅಪಾಯ ಎರಡು ಪಟ್ಟು ಕಂಡಿತು. ಕಾರಣ ಧ್ಯಾನವಲ್ಲ. ಅವರಲ್ಲಿ ಹಲವರು ‘ಆಪರೇಷನ್ ಆಯ್ತಲ್ಲ, ಕೀಮೋ ಬೇಡ’, ‘ರೇಡಿಯೇಷನ್ ಬೇಡ’ ಅಂತ ಚಿಕಿತ್ಸೆಯ ಒಂದು ಭಾಗವನ್ನು ಕೈಬಿಟ್ಟಿದ್ದರು. ಮನೆಗೆ ಬಂದವರ ಮಾತು ಮೆಲ್ಲಗೆ ಆ ಕಡೆ ಎಳೆಯುತ್ತಿದೆಯಾ ನೋಡಿಕೊಳ್ಳಿ.

ಇನ್ನೊಂದು ಕಾಟವೂ ಇದೆ: ‘ಪಾಸಿಟಿವ್ ಆಗಿರಮ್ಮ, ಅತ್ತರೆ ಕಾಯಿಲೆ ಹೆಚ್ಚುತ್ತೆ.’ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ಇದ್ದ 1,093 ಜನರ ಅಧ್ಯಯನದಲ್ಲಿ ಮನಸ್ಸಿನ ಸ್ಥಿತಿಗೂ ಬದುಕಿದ ಕಾಲಕ್ಕೂ ಸಂಬಂಧ ಸಿಗಲಿಲ್ಲ. ಅಮ್ಮನಿಗೆ ಅಳು ಬಂದರೆ ಅಳಲಿ ಬಿಡಿ.

ಏನು ಮಾಡಿಸಬೇಕು? ಶುರುವಿಗೆ ಹತ್ತು ನಿಮಿಷ ಸಾಕು. ತಲೆದಿಂಬು ಕೊಟ್ಟು ಶವಾಸನ, ನಿಧಾನವಾಗಿ ಉಸಿರಾಟ, ಬೇಕಿದ್ದರೆ ಯೋಗನಿದ್ರೆ. ಉಸಿರು ಕಟ್ಟಿ ಹಿಡಿಯುವುದು, ಜೋರಾದ ಕಪಾಲಭಾತಿ, ತಲೆಕೆಳಗಾಗಿ ನಿಲ್ಲುವ ಆಸನಗಳು ಈಗ ಬೇಡ. ಆಪರೇಷನ್ ಆದ ಕಡೆಯ ಕೈಯನ್ನು ಫಿಸಿಯೋಥೆರಪಿಸ್ಟ್ ಹೇಳಿದಷ್ಟೇ ಎತ್ತಿಸಿ, ಅದರ ಮೇಲೆ ಮೈಭಾರ ಹಾಕಿಸಬೇಡಿ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಬೆನ್ನು ಬಗ್ಗಿಸುವ, ತಿರುಚುವ ಆಸನಗಳಿಂದ ಮೂಳೆ ಮುರಿಯಬಹುದು. ಬಿಳಿ ರಕ್ತಕಣ ಇಳಿದ ದಿನಗಳಲ್ಲಿ ಹತ್ತಾರು ಜನ ಸೇರುವ ಕ್ಲಾಸಿಗೆ ಕಳಿಸದೆ ಮನೆಯಲ್ಲೇ ಮಾಡಿಸಿ.

ಕಷಾಯ, ಪುಡಿಗಳು ಯೋಗದ ಲೆಕ್ಕಕ್ಕೆ ಬರುವುದಿಲ್ಲ. ಅವು ಹೊಟ್ಟೆಗೆ ಹೋಗುತ್ತವೆ, ಯಕೃತ್ತಿಗೆ ಹೋಗುತ್ತವೆ, ಕೀಮೋ ಔಷಧಿಗಳ ಜೊತೆ ತಗಾದೆ ತೆಗೆಯಬಹುದು. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಸಮಯದಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಏನೇ ಕೊಡುತ್ತಿದ್ದರೂ ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿ. ಬೈಸಿಕೊಂಡರೂ ಪರವಾಗಿಲ್ಲ.

ಕೀಮೋ ಆದ ಎರಡು ಮೂರು ದಿನ ಅಮ್ಮನಿಗೆ ಏಳೋಕೇ ಆಗದಿದ್ದರೆ ಒತ್ತಾಯ ಬೇಡ, ಬಿಟ್ಟುಬಿಡಿ. ಮನೆಯಲ್ಲೊಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಎಷ್ಟೇ ಹೊತ್ತಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ.