ಗುರಿ ತಪ್ಪದ ಮಾತ್ರೆ, ದಿನಾ ಕಾಡುವ ಕಿರಿಕಿರಿ

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು 87 ಜನ ರಕ್ತ ಕ್ಯಾನ್ಸರ್ ರೋಗಿಗಳಿಗೆ ಮಾತ್ರೆ ಡಬ್ಬಿ ಕೊಟ್ಟರು. ಡಬ್ಬಿಯ ಮುಚ್ಚಳದೊಳಗೆ ಒಂದು ಚಿಪ್ ಇತ್ತು. ಮುಚ್ಚಳ ತೆಗೆದಾಗಲೆಲ್ಲ ಅದು ದಿನ, ಹೊತ್ತು ಗುರುತು ಹಾಕಿಕೊಳ್ಳುತ್ತಿತ್ತು. ಮೂರು ತಿಂಗಳು ಹೀಗೆ ಲೆಕ್ಕ ಇಟ್ಟರು. ಎಲ್ಲರೂ ನುಂಗುತ್ತಿದ್ದದ್ದು ಇಮಾಟಿನಿಬ್ ಎಂಬ ಒಂದೇ ಔಷಧಿ. 2010ರಲ್ಲಿ ಲೆಕ್ಕ ಹೊರಬಂತು. 90%ಗಿಂತ ಜಾಸ್ತಿ ಮಾತ್ರೆ ತಪ್ಪದೆ ತೆಗೆದುಕೊಂಡವರಲ್ಲಿ, ಆರು ವರ್ಷದೊಳಗೆ ರೋಗ ಚೆನ್ನಾಗಿ ಹತೋಟಿಗೆ ಬರುವ ಸಾಧ್ಯತೆ 94.5%. ಅಷ್ಟು ತೆಗೆದುಕೊಳ್ಳದವರಲ್ಲಿ ಬರೀ 28.4%. ತಿಂಗಳಿಗೆ ಮೂರು ಮಾತ್ರೆ ಬಿಟ್ಟರೆ 90%ಗೆ ಇಳಿದಂತೆ, ಅಷ್ಟೇ.

ಯಾಕೆ ಬಿಡುತ್ತಿದ್ದರು? ಮರೆವು ಒಂದು ಕಾರಣ. ಇನ್ನೊಂದು, ಆ ಮಾತ್ರೆಯ ಕಾಟ. ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು, ಮೈಕೈ ನೋವು, ಸುಸ್ತು. ಆಸ್ಪತ್ರೆಗೆ ಓಡಿಹೋಗುವಂಥದ್ದು ಯಾವುದೂ ಅಲ್ಲ. ಆದರೆ ಬೆಳಿಗ್ಗೆ ಎದ್ದರೂ ಇದೆ, ರಾತ್ರಿ ಮಲಗಿದರೂ ಇದೆ. ಮದುವೆಮನೆಗೆ ಹೊರಟ ದಿನ ‘ಇವತ್ತೊಂದು ದಿನ ಬೇಡ’ ಅನ್ನಿಸದೆ ಇರುತ್ತಾ?

ಇಮಾಟಿನಿಬ್ ಬಂದಾಗ ಅದರ ಜೊತೆ ಈ ಕಿರಿಕಿರಿಯೂ ಬರುತ್ತೆ ಅಂತ ಯಾರೂ ಜಾಸ್ತಿ ಮಾತಾಡಲಿಲ್ಲ. ರೋಗವನ್ನಷ್ಟೇ ಹುಡುಕಿ ಹೊಡೆಯುವ ಮಾಯಾಗುಂಡಿನ ಕನಸು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ ಕಾಲದ್ದು, ನೂರು ವರ್ಷಕ್ಕೂ ಹಳೆಯದು. ನಮ್ಮ ಕಡೆ ಅದನ್ನೇ ರಾಮಬಾಣ ಅನ್ನುತ್ತೇವೆ. ಕೀಮೋ ಅಂಥ ಬಾಣವಲ್ಲ. ಬೇಗ ಬೇಗ ಬೆಳೆಯುವ ಜೀವಕೋಶ ಯಾವುದಿದ್ದರೂ ಹೊಡೆಯುತ್ತದೆ. ಅದಕ್ಕೇ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ. ಇಮಾಟಿನಿಬ್ ಬೇರೆ ಜಾತಿಯದು. ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ, ಅಂದರೆ ಸಿಎಂಎಲ್ ರೋಗಿಗಳ ರಕ್ತದಲ್ಲಿ ಒಂದು ವಿಚಿತ್ರ ಕ್ರೋಮೋಸೋಮ್ ಇದೆ ಅಂತ 1960ರಲ್ಲೇ ಫಿಲಡೆಲ್ಫಿಯಾದಲ್ಲಿ ಗೊತ್ತಾಗಿತ್ತು. ಅದರಿಂದ ಹುಟ್ಟುವ ಒಂದು ಕೆಟ್ಟ ಪ್ರೋಟೀನಿನ ಬಾಯಿ ಮುಚ್ಚಿಸುವ ಮಾತ್ರೆ ಇದು. ಅಮೆರಿಕದ ವೈದ್ಯ ಬ್ರಯಾನ್ ಡ್ರೂಕರ್ ಮತ್ತು ಜೊತೆಗಾರರು 1998ರಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ತಿಂಗಳು ಟೈಮ್ ಪತ್ರಿಕೆಯ ಮುಖಪುಟಕ್ಕೂ ಬಂತು, ಕ್ಯಾನ್ಸರ್ ಯುದ್ಧದ ಗುಂಡು ಅಂತ.

ಹೊಗಳಿಕೆ ಸುಳ್ಳಲ್ಲ. ಕೆಲವೇ ವರ್ಷ ಬದುಕುತ್ತಿದ್ದವರು ದಶಕಗಟ್ಟಲೆ ಬದುಕತೊಡಗಿದರು. ಎಡವಟ್ಟಾಗಿದ್ದು ಅಡ್ಡಪರಿಣಾಮ ಅಳೆಯುವ ಅಳತೆಗೋಲಿನಲ್ಲಿ. ಆ ಗೋಲು ಕೀಮೋ ಕಾಲದ್ದು. ಅಡ್ಡಪರಿಣಾಮಕ್ಕೆ 1ರಿಂದ 5ರ ತನಕ ಗ್ರೇಡ್ ಕೊಡುತ್ತಾರೆ, 5 ಅಂದರೆ ಸಾವು. ಎರಡನೇ ಗ್ರೇಡಿನ ಭೇದಿ ಅಂದರೆ ಮಾಮೂಲಿಗಿಂತ ದಿನಕ್ಕೆ ನಾಲ್ಕರಿಂದ ಆರು ಸಲ ಜಾಸ್ತಿ. ಕಾಗದದ ಮೇಲೆ ಇದು ‘ಮಧ್ಯಮ’. ಕೀಮೋದಲ್ಲಿ ನಾಲ್ಕು ದಿನ ಹೀಗಾಗಿ ನಿಂತರೆ ಹೇಗೋ ತಡೆದುಕೊಳ್ಳಬಹುದು. ಇಮಾಟಿನಿಬ್‌ನಂಥ, ಗುರಿ ಹಿಡಿದು ಹೊಡೆಯುವ ‘ಟಾರ್ಗೆಟೆಡ್’ ಮಾತ್ರೆಯಲ್ಲಿ ಇದೇ ಮಧ್ಯಮ ಎರಡು ವರ್ಷ ನಡೆದರೆ? ರಾಯಚೂರಿನಿಂದ ಬೆಂಗಳೂರಿನ ಕಿದ್ವಾಯಿಗೆ ರಾತ್ರಿ ಬಸ್ಸಿನಲ್ಲಿ ಬರುವವರನ್ನು ನೆನೆಸಿಕೊಳ್ಳಿ. ಆ ಗ್ರೇಡ್ ಬರೆದವರು ಬಸ್ಸಿನಲ್ಲಿ ಕೂತಿರಲಿಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಇನ್ನೊಂದು ಸಂಗತಿ ನಿಧಾನಕ್ಕೆ ಅರಿವಿಗೆ ಬಂತು. ಬಾಣ ಗುರಿ ತಪ್ಪುವುದಿಲ್ಲ, ನಿಜ. ಆದರೆ ಆ ಗುರಿ ಕ್ಯಾನ್ಸರ್ ಗಡ್ಡೆಯಲ್ಲಿ ಮಾತ್ರ ಇರುವುದಿಲ್ಲ. 1998ರಲ್ಲಿ ಸ್ತನ ಕ್ಯಾನ್ಸರಿಗೆ ಬಂದ ಟ್ರಾಸ್ಟುಜುಮ್ಯಾಬ್ ಹರ್2 ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಅದೇ ಹರ್2 ಹೃದಯದ ಸ್ನಾಯುವಿಗೂ ಬೇಕು. ಹೃದಯಕ್ಕೆ ಮೊದಲೇ ಭಾರವಾದ ಆಂಥ್ರಾಸೈಕ್ಲಿನ್ ಗುಂಪಿನ ಕೀಮೋ ಜೊತೆ ಇದನ್ನು ಕೊಟ್ಟಾಗ 27% ಜನರಲ್ಲಿ ಹೃದಯದ ಕೆಲಸ ಕುಂದಿತ್ತು. ಆಮೇಲೆ ಎರಡನ್ನೂ ಒಟ್ಟಿಗೆ ಕೊಡುವುದನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟರು. ಮೂರು ತಿಂಗಳಿಗೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸುವ ಪದ್ಧತಿ ಬಂತು. ಔಷಧಿ ನಿಲ್ಲಿಸಿದರೆ ಹೆಚ್ಚಿನವರ ಹೃದಯ ಚೇತರಿಸಿಕೊಳ್ಳುತ್ತದೆ, ಅದೊಂದು ಸಮಾಧಾನ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಇದರದೇ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನೇ ಹೋಲುವ ಇನ್ನೊಂದು ತಯಾರಿಕೆ ತಂದ ಮೇಲೆ ನಮ್ಮಲ್ಲೂ ಈ ಇಂಜೆಕ್ಷನ್ ಕೈಗೆಟುಕುವವರು ಜಾಸ್ತಿಯಾದರು. ‘ಮತ್ತೆ ಎಕೋ ಯಾಕೆ, ಹೋದ ಸಲ ಸರಿ ಇತ್ತಲ್ಲ’ ಅಂತ ಕೇಳುವವರಿಗೆ ಉತ್ತರ ಆ 27%ರಲ್ಲಿದೆ.

ಜಪಾನಿನ ಪಾಠ ಇನ್ನೂ ಕಹಿ. ಶ್ವಾಸಕೋಶದ ಕ್ಯಾನ್ಸರಿನ ಗೆಫಿಟಿನಿಬ್ ಮಾತ್ರೆಗೆ ಜಗತ್ತಿನಲ್ಲೇ ಮೊದಲು ಒಪ್ಪಿಗೆ ಕೊಟ್ಟ ದೇಶ ಅದು, 2002ರ ಜುಲೈನಲ್ಲಿ. ಕೀಮೋದ ಕಷ್ಟ ಇಲ್ಲ, ಮನೆಯಲ್ಲೇ ನುಂಗಬಹುದು ಅನ್ನುವ ಭರವಸೆಯಲ್ಲಿ ಜನ ಮುಗಿಬಿದ್ದರು. ಕೆಲವರಿಗೆ ಒಣಕೆಮ್ಮು, ಏದುಸಿರು ಶುರುವಾಯಿತು. ಶ್ವಾಸಕೋಶವೇ ಊದಿಕೊಂಡು ಗಟ್ಟಿಯಾಗುವ ತೊಂದರೆ ಅದು. ಅಕ್ಟೋಬರ್ ಹೊತ್ತಿಗೆ ಅಲ್ಲಿನ ಸರ್ಕಾರ ತುರ್ತು ಎಚ್ಚರಿಕೆ ಕೊಡಿಸಬೇಕಾಯಿತು. ನೂರಾರು ಜನ ಸತ್ತರು. ಮನೆಯವರು ಹೂಡಿದ ಮೊಕದ್ದಮೆ 2013ರ ತನಕ ನಡೆದು, ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಅವರು ಸೋತರು. ಔಷಧಿ ಕೆಟ್ಟದ್ದಲ್ಲ, ಸರಿಯಾದ ರೋಗಿಗೆ ಇವತ್ತಿಗೂ ಕೊಡುತ್ತಾರೆ. ಆದರೆ ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಹೊಸದಾಗಿ ಏದುಸಿರು ಬಂದರೆ ನಾಳೆಯವರೆಗೆ ಕಾಯುವ ಹಾಗಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು ಅನ್ನುವ ಕಟ್ಟುನಿಟ್ಟು ಅಲ್ಲಿಂದ ಬಂತು.

ಇದೇ ಗುಂಪಿನ ಎರ್ಲೋಟಿನಿಬ್ ಮಾತ್ರೆ, ಸೆಟುಕ್ಸಿಮ್ಯಾಬ್ ಇಂಜೆಕ್ಷನ್ 2004ರಲ್ಲಿ ಅಮೆರಿಕದಲ್ಲಿ ಬಂದವು. ಇವು ಹಿಡಿಯುವ ಇಜಿಎಫ್ಆರ್ ಎಂಬ ಪ್ರೋಟೀನು ಚರ್ಮದಲ್ಲಿ, ಕೂದಲ ಬುಡದಲ್ಲಿ, ಉಗುರಿನ ಸುತ್ತ ತುಂಬಿಕೊಂಡಿದೆ. ಶುರುಮಾಡಿದ ಒಂದೆರಡು ವಾರಕ್ಕೆ ಮುಖ, ಎದೆ, ಬೆನ್ನಿನ ತುಂಬ ಗುಳ್ಳೆ. ನೋಡಲು ಥೇಟ್ ಮೊಡವೆ, ಆದರೆ ಮೊಡವೆಯಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಮೊಡವೆ ಕ್ರೀಮ್ ತಂದು ಹಚ್ಚಿದರೆ ಚರ್ಮ ಇನ್ನಷ್ಟು ಒಣಗಿ ಉರಿಯುತ್ತದೆ. ಗುಳ್ಳೆ ಬಂದವರಿಗೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದೂ ಅಧ್ಯಯನಗಳಲ್ಲಿ ಕಂಡಿತ್ತು. ಹಾಗಾಗಿ ‘ಒಳ್ಳೇ ಲಕ್ಷಣ, ತಡ್ಕೊಳ್ಳಿ’ ಅನ್ನುವ ಮಾತು ಆಸ್ಪತ್ರೆಗಳಲ್ಲಿ ಹುಟ್ಟಿಕೊಂಡಿತು. ರೋಗಿಗೆ ಧೈರ್ಯ ಹೇಳಲು ಒಳ್ಳೆಯ ಮಾತೇ. ಆದರೆ ತುರಿಕೆಗೆ ಮದ್ದಾಗಲಿಲ್ಲ.

ಅಮೆರಿಕದ ಚರ್ಮವೈದ್ಯ ಮಾರಿಯೋ ಲಕುಟ್ಯೂರ್ ಈ ಗುಳ್ಳೆಗಳನ್ನೇ ಹಿಡಿದು ಕೂತರು. ಅವರ ತಂಡದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಇದೇ ಬಗೆಯ ಪಾನಿಟುಮುಮ್ಯಾಬ್ ಪಡೆಯುವ ರೋಗಿಗಳಲ್ಲಿ ಅರ್ಧ ಜನರಿಗೆ ಗುಳ್ಳೆ ಏಳುವ ಮೊದಲೇ ಚಿಕಿತ್ಸೆ ಶುರು. ಮಾಯಿಶ್ಚರೈಸರ್, ಸನ್‌ಸ್ಕ್ರೀನ್, 1% ಹೈಡ್ರೋಕಾರ್ಟಿಸೋನ್ ಕ್ರೀಮ್, ಡಾಕ್ಸಿಸೈಕ್ಲಿನ್ ಮಾತ್ರೆ. ಉಳಿದರ್ಧಕ್ಕೆ ಗುಳ್ಳೆ ಎದ್ದ ಮೇಲೆ. ಎರಡನೇ ಗ್ರೇಡ್ ಅಥವಾ ಅದಕ್ಕೂ ಜೋರಾದ ಚರ್ಮದ ತೊಂದರೆ ಕಾದು ನೋಡಿದವರಲ್ಲಿ 62%, ಮೊದಲೇ ಹಚ್ಚಿದವರಲ್ಲಿ 29%. ಇದರಲ್ಲಿ ಒಂದೂ ದುಬಾರಿ ಸಾಮಾನಲ್ಲ. ಲಕ್ಷಗಟ್ಟಲೆ ರೂಪಾಯಿಯ ಔಷಧಿಯನ್ನು ಕೆಲವು ನೂರರ ಕ್ರೀಮು ಉಳಿಸಿಕೊಟ್ಟಿತು.

ಉಗುರುಸುತ್ತು ಕೂಡ ಈ ಔಷಧಿಗಳ ಬಳುವಳಿ. ನಮ್ಮ ಮನೆಗಳಲ್ಲಿ ಬೆರಳಿಗೆ ನಿಂಬೆಹಣ್ಣು ಚುಚ್ಚಿ ಕೂರಿಸುತ್ತಾರೆ. ಇಲ್ಲಿ ಅದು ಬೇಡ. ಬಿರಿದ ಚರ್ಮಕ್ಕೆ ಹುಳಿ ಬಿದ್ದರೆ ಉರಿಯೇ ಜಾಸ್ತಿ. ಬಿಗಿ ಚಪ್ಪಲಿ ಬಿಡುವುದು, ಉಗುರನ್ನು ತೀರಾ ಬುಡಕ್ಕೆ ಕತ್ತರಿಸದೆ ಇರುವುದು, ಡಾಕ್ಟರು ಕೊಟ್ಟ ಮುಲಾಮು, ಇಷ್ಟು ಸಾಕಾಗುತ್ತದೆ ಬಹಳ ಸಲ. ಬಣ್ಣದ ಕತೆ ಇನ್ನೂ ಮಜವಾಗಿದೆ. ಇಮಾಟಿನಿಬ್ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೂ ತಟ್ಟುವುದರಿಂದ ನಮ್ಮಂಥ ಕಂದು ಮೈಬಣ್ಣದವರಲ್ಲಿ ಹಲವರು ಬೆಳ್ಳಗಾಗುತ್ತಾರೆ. ಕಿಡ್ನಿ ಕ್ಯಾನ್ಸರಿನ ಸುನಿಟಿನಿಬ್ ತೆಗೆದುಕೊಂಡ ವಾರಗಳಲ್ಲಿ ಕೂದಲು ಬೆಳ್ಳಗೆ, ಬಿಟ್ಟ ವಾರಗಳಲ್ಲಿ ಕಪ್ಪಗೆ ಬೆಳೆದು ಪಟ್ಟೆ ಪಟ್ಟೆಯಾದದ್ದೂ ಇದೆ.

ಮೊದಲೇ ತಡೆಯುವ ಈ ಬುದ್ಧಿ ಚರ್ಮದಿಂದ ಬಾಯಿಗೆ, ಹೊಟ್ಟೆಗೆ ಹಬ್ಬಿತು. ಸ್ತನ ಕ್ಯಾನ್ಸರಿಗೆ ಕೊಡುವ ಎವರೋಲಿಮಸ್ ಮಾತ್ರೆಯಿಂದ ಬಾಯಿ ಹುಣ್ಣಾಗುತ್ತಿತ್ತು. ಸ್ಟೆರಾಯ್ಡ್ ಬೆರೆತ ದ್ರವದಲ್ಲಿ ದಿನಕ್ಕೆ ನಾಲ್ಕು ಸಲ ಬಾಯಿ ಮುಕ್ಕಳಿಸಿದರೆ ಎರಡನೇ ಗ್ರೇಡ್ ಅಥವಾ ಅದಕ್ಕೂ ಜೋರಾದ ಹುಣ್ಣು ಬರೀ 2.4% ಜನರಿಗೆ ಅಂತ 2017ರಲ್ಲಿ ಕಂಡುಬಂತು. ಹಿಂದಿನ ಅಧ್ಯಯನದಲ್ಲಿ ಅದು 33% ಇತ್ತು. ನಮ್ಮಲ್ಲಿ ಬಾಯಿಹುಣ್ಣು ಅಂದರೆ ‘ಉಷ್ಣ’. ಎಳನೀರು ಕುಡಿದು ಸುಮ್ನೆ ಇರುತ್ತೇವೆ, ಡಾಕ್ಟರಿಗೆ ಹೇಳುವುದೇ ಇಲ್ಲ. ಸ್ತನ ಕ್ಯಾನ್ಸರಿನ ನೆರಾಟಿನಿಬ್ ಕತೆಯೂ ಹಾಗೇ. ಭೇದಿಗೆ ಮೊದಲೇ ಮದ್ದು ಕೊಡದೆ ನಡೆಸಿದ ದೊಡ್ಡ ಅಧ್ಯಯನದಲ್ಲಿ 40% ಹೆಂಗಸರಿಗೆ ಮೂರನೇ ಗ್ರೇಡಿನ ಭೇದಿ, ಅಂದರೆ ಮಾಮೂಲಿಗಿಂತ ದಿನಕ್ಕೆ ಏಳು ಸಲವಾದರೂ ಜಾಸ್ತಿ. ಆಮೇಲೆ ಒಮ್ಮೆಲೇ 240 ಮಿಲಿಗ್ರಾಂ ಕೊಡುವ ಬದಲು ಮೊದಲ ವಾರ 120, ಎರಡನೇ ವಾರ 160, ಹೀಗೆ ಹತ್ತಿಸಿ ನೋಡಿದರು. 13%ಗೆ ಇಳಿಯಿತು. ಹೊಟ್ಟೆಗೆ ಒಗ್ಗಿಸಿಕೊಳ್ಳಲು ಎರಡು ವಾರ ಬೇಕಿತ್ತು, ಅಷ್ಟೇ.

ಹಾಗಾದರೆ ಡೋಸೇ ಜಾಸ್ತಿಯಾಗಿತ್ತಾ? ಕೆಲವು ಔಷಧಿಗಳಲ್ಲಿ ಹೌದು. ತಡೆದುಕೊಳ್ಳುವಷ್ಟು ದೊಡ್ಡ ಡೋಸ್ ಕೊಡುವುದು ಕೀಮೋ ಕಾಲದ ರೂಢಿ. ಸಿಎಂಎಲ್‌ಗೇ ಬಂದ ಡಾಸಾಟಿನಿಬ್ 2006ರಲ್ಲಿ ದಿನಕ್ಕೆ ಎರಡು ಸಲ 70 ಮಿಲಿಗ್ರಾಂ ಇತ್ತು. ಶ್ವಾಸಕೋಶದ ಸುತ್ತ ನೀರು ತುಂಬುತ್ತಿತ್ತು. ಮರುವರ್ಷವೇ, ರೋಗ ಇನ್ನೂ ಮೊದಲ ಹಂತದಲ್ಲಿರುವವರಿಗೆ ದಿನಕ್ಕೊಂದು ಸಲ 100 ಅಂತ ಬದಲಾಯಿಸಿದರು. ನೀರು ತುಂಬುವುದು ಕಡಿಮೆಯಾಯಿತು, ಔಷಧಿಯ ಗುಣ ಕಡಿಮೆಯಾಗಲಿಲ್ಲ. ಡೋಸನ್ನು ಹೀಗೆ ಶುರುವಿನಲ್ಲೇ ಸರಿ ಮಾಡಿ ಅಂತ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಕಂಪನಿಗಳಿಗೆ ಹೇಳತೊಡಗಿದ್ದು 2021ರಲ್ಲಿ, ಪ್ರಾಜೆಕ್ಟ್ ಆಪ್ಟಿಮಸ್ ಹೆಸರಲ್ಲಿ. ಹದಿನೈದು ವರ್ಷ ತಡವಾಯಿತು ಅಂತ ನನ್ನ ಲೆಕ್ಕ. ಹಾಗಂತ ರೋಗಿ ತಾನೇ ಡೋಸ್ ಇಳಿಸಿಕೊಂಡರೆ ಲಂಡನ್ನಿನ ಡಬ್ಬಿಗಳ ಕತೆಯೇ ಆಗುತ್ತದೆ. ಇಳಿಸಬೇಕಾದವರು ಡಾಕ್ಟರು. ಅವರಿಗೆ ಗೊತ್ತಾಗಬೇಕಾದರೆ ನಾವು ಹೇಳಬೇಕು.

ಡೋಸ್ ಬದಲಾಗದೆ ರಕ್ತದಲ್ಲಿ ಔಷಧಿ ಏರುಪೇರಾಗುವುದೂ ಉಂಟು, ಅದು ಅಡುಗೆಮನೆಯ ಕಡೆಯಿಂದ. ಇಂಥ ಹಲವು ಮಾತ್ರೆಗಳ ಚೀಟಿಯಲ್ಲಿ ‘ಗ್ರೇಪ್‌ಫ್ರೂಟ್ ತಿನ್ನಬೇಡಿ’ ಅಂತಿರುತ್ತದೆ. ನಮಗೆ ಆ ಹಣ್ಣು ಗೊತ್ತಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅದರ ಹತ್ತಿರದ ನೆಂಟ ದೇವನಹಳ್ಳಿಯ ಚಕ್ಕೋತ! ಔಷಧಿಯನ್ನು ಕರಗಿಸುವ ಕಿಣ್ವವನ್ನು ತಡೆಯುವ ಅದೇ ವಸ್ತು ಚಕ್ಕೋತದಲ್ಲೂ ಇರುತ್ತದೆ. ಔಷಧಿ ರಕ್ತದಲ್ಲಿ ಏರಿದರೆ ಅಡ್ಡಪರಿಣಾಮವೂ ಏರುತ್ತದೆ. ಇದಕ್ಕೆ ಉಲ್ಟಾ ಗ್ಯಾಸ್ಟ್ರಿಕ್ ಮಾತ್ರೆ. ಎರ್ಲೋಟಿನಿಬ್, ಡಾಸಾಟಿನಿಬ್ ಕರಗಲು ಹೊಟ್ಟೆಯ ಹುಳಿ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ನಮ್ಮ ಅಭ್ಯಾಸ ಆ ಹುಳಿಯನ್ನೇ ಕಳೆಯುತ್ತದೆ, ದುಬಾರಿ ಔಷಧಿ ಅರ್ಧಂಬರ್ಧ ವ್ಯರ್ಥ. ಇಮಾಟಿನಿಬ್ಬನ್ನು ಊಟದ ಜೊತೆ, ದೊಡ್ಡ ಲೋಟ ನೀರು ಕುಡಿದು ನುಂಗಬೇಕು, ವಾಕರಿಕೆ ತಗ್ಗುತ್ತದೆ. ಎರ್ಲೋಟಿನಿಬ್ ಖಾಲಿ ಹೊಟ್ಟೆಗೆ. ಎಲ್ಲ ಮಾತ್ರೆಗೂ ಒಂದೇ ನಿಯಮ ಇಲ್ಲ, ಇದೇ ತಲೆನೋವು.

ಇಮಾಟಿನಿಬ್ ಹಳೆಯದಾದಷ್ಟೂ ಇನ್ನೊಂದು ಪ್ರಶ್ನೆ ಎದ್ದಿತು. ರೋಗ ವರ್ಷಗಟ್ಟಲೆ ಪತ್ತೆಯೇ ಇಲ್ಲದಿದ್ದರೆ ಮಾತ್ರೆ ನಿಲ್ಲಿಸಬಹುದಾ? ಫ್ರಾನ್ಸಿನ ವೈದ್ಯರು ಆಯ್ದ ರೋಗಿಗಳಲ್ಲಿ, ರಕ್ತವನ್ನು ಆಗಾಗ ಪರೀಕ್ಷಿಸುತ್ತ ನಿಲ್ಲಿಸಿ ನೋಡಿದರು. ಸುಮಾರು 40% ಜನರಿಗೆ ರೋಗ ಮರಳಲಿಲ್ಲ ಅಂತ 2010ರಲ್ಲಿ ವರದಿಯಾಯಿತು. ಅಂತೂ ಕಿರಿಕಿರಿ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ 2014ರಲ್ಲಿ ಸ್ವೀಡನ್ನಿನಿಂದ ಬೇರೆ ಸುದ್ದಿ ಬಂತು. ಮಾತ್ರೆ ನಿಲ್ಲಿಸಿದವರಲ್ಲಿ ಸುಮಾರು 30% ಜನರಿಗೆ ಭುಜ, ಸೊಂಟ, ಕೀಲುಗಳಲ್ಲಿ ಹೊಸ ನೋವು ಶುರುವಾಗಿತ್ತು. ಹೆಚ್ಚಿನವರಿಗೆ ಮಾಮೂಲಿ ನೋವಿನ ಮಾತ್ರೆ ಸಾಕಾಯಿತು, ಕೆಲವರಿಗೆ ಸ್ವಲ್ಪ ದಿನ ಸ್ಟೆರಾಯ್ಡ್ ಬೇಕಾಯಿತು. ಈಗ ಇಮಾಟಿನಿಬ್ ನಿಲ್ಲಿಸುವ ಮೊದಲು ಡಾಕ್ಟರು ಇದನ್ನೂ ಹೇಳುತ್ತಾರೆ: ನೋವು ಬಂದರೆ ರೋಗ ಮರಳಿತು ಅಂತ ಹೆದರಬೇಡಿ, ಫೋನ್ ಮಾಡಿ.