ಎರಡು ಓಮ್ ಅಂದ್ರೆ ಬರೀ ನೀರೇನಾ?

1927ರ ಸೆಪ್ಟೆಂಬರ್ 5ರಂದು ಫ್ರಾನ್ಸಿನ ಪೆಶೆಲ್‌ಬ್ರಾನ್‌ನ ಎಣ್ಣೆ ಬಾವಿಯೊಂದಕ್ಕೆ ಕೇಬಲ್ ಇಳಿಸಿದರು. ಯೋಚನೆ ಶ್ಲಂಬರ್ಜೆ ಸಹೋದರರದ್ದು, ಅಳತೆ ಮಾಡಿದ ತಂಡ ಹೆನ್ರಿ ಡಾಲ್ ಅವರದ್ದು. ಒಂದೊಂದು ಮೀಟರಿಗೂ ನಿಲ್ಲಿಸಿ ಕಲ್ಲಿನ ವಿದ್ಯುತ್ ರೋಧ ಅಳೆದು, ಕೈಯಲ್ಲೇ ಗೆರೆ ಎಳೆದರು. ಬಾವಿ ಲಾಗ್, ಅಂದರೆ ಬಾವಿಯ ಆಳ ಆಳದ ಅಳತೆಗಳ ಗೆರೆ ದಾಖಲೆ, ಶುರುವಾಗಿದ್ದು ಹೀಗೆ.

ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ, ಎಣ್ಣೆಯಲ್ಲಿ ಹರಿಯುವುದಿಲ್ಲ. ರೋಧ ಜಾಸ್ತಿ ಇದ್ದರೆ ಎಣ್ಣೆ ಇರಬಹುದು, ಅಷ್ಟೇ. ಎಷ್ಟಿದೆ ಅಂತ ಲೆಕ್ಕ ಹಾಕುವ ಸೂತ್ರವನ್ನು 1942ರಲ್ಲಿ ಕೊಟ್ಟವರು ಶೆಲ್ ಕಂಪನಿಯ ಗಸ್ ಆರ್ಚಿ. ಮರಳುಗಲ್ಲಿನಲ್ಲಿ ಶೇ 25 ರಂಧ್ರ, ಅದರೊಳಗಿನ ನೀರಿನ ರೋಧ 0.1 ಓಮ್-ಮೀಟರ್ ಅಂದುಕೊಳ್ಳಿ. ಪೂರ್ತಿ ನೀರು ತುಂಬಿದ್ದರೆ ಲಾಗ್ 1.6 ತೋರಿಸಬೇಕು. 40 ತೋರಿಸಿದರೆ? ರಂಧ್ರಗಳಲ್ಲಿ ನೀರು ಶೇ 20 ಮಾತ್ರ, ಉಳಿದದ್ದು ಎಣ್ಣೆ.

ಆದರೆ ಆರ್ಚಿ ಹೇಳಿದ್ದು ಶುದ್ಧ ಮರಳಿನ ಮಾತು. ಪುರಾತನ ನದಿಗಳ ಡೆಲ್ಟಾಗಳಲ್ಲಿ ಅಂಥ ಮರಳು ಎಲ್ಲ ಕಡೆ ಸಿಗುವುದಿಲ್ಲ. ಪ್ರವಾಹ ಬಂದಾಗ ಮರಳು, ನೀರು ನಿಂತಾಗ ಜೇಡಿ, ಹೀಗೆ ಪದರದ ಮೇಲೆ ಪದರ. ಜೇಡಿ ಎಲ್ಲಿದೆ ಅಂತ ಕಲ್ಲಿನ ಸಹಜ ವಿಕಿರಣ ಅಳೆಯುವ ಗಾಮಾ ಲಾಗ್ ಹೇಳುತ್ತದೆ, ಜೇಡಿಯಲ್ಲಿ ವಿಕಿರಣ ಸೂಸುವ ಪೊಟ್ಯಾಸಿಯಂ ಇರುತ್ತದಲ್ವಾ. ನದಿಬಾಯಿಯ ದಿಬ್ಬದಲ್ಲಿ ಮೇಲೆ ಹೋದಂತೆ ಮರಳಿನ ಕಣ ದಪ್ಪವಾಗುತ್ತದೆ, ಗಾಮಾ ಗೆರೆ ಆಲಿಕೆಯಂತೆ ಕಾಣುತ್ತದೆ. ಹೂಳಿನಿಂದ ಮುಚ್ಚಿಹೋದ ಕಾಲುವೆಯಲ್ಲಿ ಗಂಟೆಯ ಆಕಾರ. ಆಕಾರ ನೋಡಿ ಸುಮ್ನೆ ತೀರ್ಪು ಕೊಡಬಾರದು, ಬೇರೆ ಕಡೆಯ ಮರಳೂ ಇದೇ ವೇಷ ಹಾಕುತ್ತದೆ.

ನಿಜವಾದ ಮೋಸ ಇರುವುದು ಬೆರಳಿನಷ್ಟು ದಪ್ಪದ ಪದರಗಳಲ್ಲಿ. ಅರ್ಧ ಮರಳು, ಎಣ್ಣೆ ತುಂಬಿ ರೋಧ 40. ಅರ್ಧ ಜೇಡಿ, ರೋಧ 1. ಉಪಕರಣಕ್ಕೆ ಒಂದೊಂದೇ ಪದರ ಕಾಣುವುದಿಲ್ಲ, ಕರೆಂಟ್ ಜೇಡಿಯಲ್ಲೇ ಸಲೀಸಾಗಿ ಓಡಿಹೋಗುತ್ತದೆ. ಲಾಗ್ ತೋರಿಸುವುದು ಸುಮಾರು 2! ನೀರು ತುಂಬಿದ ಮರಳಿನ 1.6ಕ್ಕೂ ಇದಕ್ಕೂ ಏನು ವ್ಯತ್ಯಾಸ? ಸೂತ್ರ ನಂಬಿದವರು ‘ನೀರು’ ಅಂತ ಬರೆದು ಮುಂದೆ ಹೋಗುತ್ತಾರೆ.

1968ರಲ್ಲಿ ವ್ಯಾಕ್ಸ್‌ಮನ್ ಮತ್ತು ಸ್ಮಿಟ್ಸ್ ಜೇಡಿ ಹರಿಸುವ ಕರೆಂಟನ್ನೂ ಸೂತ್ರಕ್ಕೆ ಸೇರಿಸಿದರು. 1975ರಲ್ಲಿ ಥಾಮಸ್ ಮತ್ತು ಸ್ಟೀಬರ್, ಜೇಡಿ ಪದರವಾಗಿದೆಯೋ ರಂಧ್ರಗಳೊಳಗೇ ಬೆರೆತಿದೆಯೋ ಎಂದು ಬೇರ್ಪಡಿಸುವ ದಾರಿ ತೋರಿಸಿದರು. ನನ್ನ ಮಟ್ಟಿಗೆ ದೊಡ್ಡ ತಿರುವು 2000ದ ಸುಮಾರಿಗೆ ಬಂದ ಮೂರು ದಿಕ್ಕಿನ ಇಂಡಕ್ಷನ್ ಉಪಕರಣ, ಅಂದರೆ ತಂತಿ ಸುರುಳಿಗಳಿಂದ ಕಲ್ಲಿನಲ್ಲಿ ಕರೆಂಟ್ ಹುಟ್ಟಿಸಿ ಅಳೆಯುವಂಥದ್ದು. ಅದು ಪದರಗಳನ್ನು ಅಡ್ಡ ಹಾಯ್ದೂ ರೋಧ ಅಳೆಯುತ್ತದೆ. ಈ ದಿಕ್ಕಿನಲ್ಲಿ ಕರೆಂಟ್ ಎಣ್ಣೆ ಮರಳನ್ನು ದಾಟಲೇಬೇಕು. ಅದೇ ಕಲ್ಲು, ಅದೇ ಆಳ. ಪದರದ ಉದ್ದಕ್ಕೆ 2, ಅಡ್ಡಕ್ಕೆ 20.